ಬಯೊಮೆಡಿಕಲ್‌ಗೆ ಮೇಷ್ಟ್ರು ಬೇಕಾಗಿದ್ದಾರೆ

ಇಂಜಿನಿಯರಿಂಗ್ ಕಾಲೇಜುಗಳ ‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ಬಿಡದೆ ಓದುವ ಚಟ ನನಗಿದೆ. ಕಂಪ್ಯೂಟರ್ ಸೈನ್ಸ್, ಎಐ, ಡೇಟಾ ಸೈನ್ಸ್ ಎಲ್ಲ ಆದ ಮೇಲೆ ಪಟ್ಟಿಯ ತಳದಲ್ಲೆಲ್ಲೋ ‘ಬಯೊಮೆಡಿಕಲ್ ಇಂಜಿನಿಯರಿಂಗ್’ ಅಂತ ಇರುತ್ತದೆ. ಆಸ್ಪತ್ರೆ ಮಷಿನ್, ದೇಹಕ್ಕೆ ಹಾಕುವ ಸಾಧನಗಳ ವಿಷಯ ಓದುವ ಬ್ರಾಂಚ್ ಇದು. ಉಳಿದವರಿಗೆ ಹಾಕಿದ ಷರತ್ತೇ ಇದಕ್ಕೂ. ಪಿಎಚ್‌ಡಿ ಆದವರಿಗೆ ಆದ್ಯತೆ. ಸ್ಕೋಪಸ್ ಪಟ್ಟಿಯಲ್ಲಿರುವ ಜರ್ನಲ್‌ಗಳಲ್ಲಿ ಸಂಶೋಧನಾ ಪೇಪರ್ ಇರಬೇಕು. ಪೇಟೆಂಟ್ ಇದ್ದರೆ ಇನ್ನೂ ಒಳ್ಳೆಯದು. ಹೊರಗಿನಿಂದ ಪ್ರಾಜೆಕ್ಟ್ ದುಡ್ಡು ತಂದ ಅನುಭವ ಇದ್ದರಂತೂ ಕೇಳುವುದೇ ಬೇಡ. ಹತ್ತೊಂಬತ್ತು ವರ್ಷದ ಹುಡುಗರಿಗೆ ಪಾಠ ಹೇಳೋಕೆ ಬರಬೇಕು ಅನ್ನುವ ಒಂದು ಸಾಲು ಮಾತ್ರ ಎಲ್ಲೂ ಇರಲ್ಲ.

ಆ ಕಾಲೇಜಿನ ಒಳಗೆ ಹೋಗಿ ನೋಡಿ. ಬಯೊಮೆಡಿಕಲ್‌ನಲ್ಲಿ ಎಂಟೆಕ್ ಇರುವುದಿಲ್ಲ. ಇದ್ದರೂ ಮೂರು ಮತ್ತೊಂದು ಮಕ್ಕಳು. ಪಿಎಚ್‌ಡಿ ವಿದ್ಯಾರ್ಥಿಗಳು ಅಂದರೆ ಅಲ್ಲೇ ಕೆಲಸ ಮಾಡುತ್ತಾ ರಿಜಿಸ್ಟರ್ ಮಾಡಿಸಿಕೊಂಡ ಮೇಷ್ಟ್ರುಗಳು. ಇಡೀ ಸಂಸ್ಥೆ ನಡೆಯುವುದು ಬಿಇ ಮಕ್ಕಳಿಂದ, ಬಿಇ ಮಕ್ಕಳಿಗಾಗಿ. ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್ ವಾರಕ್ಕೆ 16 ಗಂಟೆ ಕ್ಲಾಸು, ಲ್ಯಾಬು ತಗೋಬೇಕು. ಅದರ ಮೇಲೆ ಇಂಟರ್ನಲ್ಸ್ ಪೇಪರ್ ತಿದ್ದುವುದು, ಪ್ರಾಜೆಕ್ಟ್ ನೋಡುವುದು, ಕೋರ್ಸಿನ ಮಾನ್ಯತೆಗೆ ಬೇಕಾದ ಎನ್‌ಬಿಎ ಫೈಲ್ ತುಂಬುವುದು. ಸಂಶೋಧಕರು ಬೇಕು ಅಂತ ಕರೆಯುತ್ತೇವೆ, ಬಂದವರಿಗೆ ಮೇಷ್ಟ್ರ ಕೆಲಸ ಕೊಡುತ್ತೇವೆ. ಎರಡು ವರ್ಷಕ್ಕೆ ಅವರು ಗಂಟುಮೂಟೆ ಕಟ್ಟಿದಾಗ ‘ಒಳ್ಳೇ ಫ್ಯಾಕಲ್ಟಿ ಸಿಗೋದೇ ಇಲ್ಲ ಸಾರ್’ ಅಂತ ಕೊರಗುತ್ತೇವೆ.

ನಾನು ದಾವಣಗೆರೆಯವನು. ಇನ್‌ಸ್ಟ್ರುಮೆಂಟೇಶನ್ ಓದಿ, ಬಹಳ ವರ್ಷ ಬಯೊಮೆಡಿಕಲ್ ಪಾಠ ಮಾಡಿ, ಈಗ ರಿಟೈರ್ ಆಗಿದ್ದೇನೆ. ಈ ಬ್ರಾಂಚ್‌ನಲ್ಲಿ ತಲೆ ನರೆತವರು ನಮ್ಮ ಕಡೆ ಕಮ್ಮಿ. ಅದಕ್ಕೇ ಇಂಟರ್ವ್ಯೂ ಇದ್ದಾಗಲೆಲ್ಲ ‘ಸಬ್ಜೆಕ್ಟ್ ಎಕ್ಸ್‌ಪರ್ಟ್’ ಅಂತ ಕರೆದು, ಟಿಎ ಕೊಟ್ಟು, ಊಟ ಹಾಕಿ ಕಳಿಸುತ್ತಾರೆ. ಈಚೆಗೆ ನಮ್ಮ ಸೀಮೆಯ ಒಂದು ಖಾಸಗಿ ವಿಶ್ವವಿದ್ಯಾಲಯದವರು ಹಾಗೆ ಕರೆದಿದ್ದರು. ಹೆಸರು ಬೇಡ. ಬೇರೆ ಕಡೆ ನಡೆಯುವುದೂ ಇದೇ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 60 ಸೀಟಿನ ಒಂದು ಬ್ರಾಂಚ್ ಅಂದುಕೊಳ್ಳಿ. ಮೊದಲ ವರ್ಷದವರನ್ನು ಗಣಿತ, ಫಿಸಿಕ್ಸ್, ಕೆಮಿಸ್ಟ್ರಿಯವರು ನೋಡಿಕೊಳ್ಳುತ್ತಾರೆ. ಉಳಿದ ಮೂರು ವರ್ಷಕ್ಕೆ 180 ಮಕ್ಕಳು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಲೆಕ್ಕದಲ್ಲಿ 20 ಮಕ್ಕಳಿಗೆ ಒಬ್ಬ ಮೇಷ್ಟ್ರು, ಅಂದರೆ 9 ಜನ. ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್ 1:2:6 ಪ್ರಮಾಣದಲ್ಲಿರಬೇಕು. ಅಲ್ಲಿಗೂ ಒಂಬತ್ತೇ. ಈ ಒಂಬತ್ತು ಜನ ಏನೇನು ಕಲಿಸಬೇಕು ಗೊತ್ತಾ? ಅನಾಟಮಿ, ಫಿಸಿಯಾಲಜಿ. ಅನಲಾಗ್ ಸರ್ಕ್ಯೂಟು. ಸಿಗ್ನಲ್ ಪ್ರೊಸೆಸಿಂಗ್. ಬಯೊಮೆಕ್ಯಾನಿಕ್ಸ್, ಅಂದರೆ ಮೂಳೆ, ಕೀಲುಗಳ ಮೇಲೆ ಬೀಳುವ ಭಾರದ ಲೆಕ್ಕ. ದೇಹದ ಒಳಗಿಟ್ಟರೂ ಕೊಳೆಯದ, ತುಕ್ಕು ಹಿಡಿಯದ ವಸ್ತುಗಳ ವಿಷಯ. ಎಕ್ಸ್‌ರೇ, ಸಿಟಿ, ಎಂಆರ್‌ಐ. ಆಸ್ಪತ್ರೆ ಮಷಿನ್‌ಗಳ ಸುರಕ್ಷತೆ. ಈಚೆಗೆ ಮಷಿನ್ ಲರ್ನಿಂಗ್ ಬೇರೆ.

ಇವೆಲ್ಲವನ್ನೂ ಬಲ್ಲ ಒಬ್ಬ ಮನುಷ್ಯ ಇಲ್ಲ. ಸಿವಿಲ್‌ನಲ್ಲೋ ಎಲೆಕ್ಟ್ರಿಕಲ್‌ನಲ್ಲೋ ಯಾರನ್ನೇ ತಗೊಂಡರೂ ಬುನಾದಿಯ ನಾಲ್ಕು ಪೇಪರ್ ಪಾಠ ಮಾಡುತ್ತಾರೆ. ಬಯೊಮೆಡಿಕಲ್‌ಗೆ ಬರುವವರದು ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರು ಎಲೆಕ್ಟ್ರಾನಿಕ್ಸ್‌ನಿಂದ ಬಂದವರು, ಇನ್ನೊಬ್ಬರು ಮೆಕ್ಯಾನಿಕಲ್, ಮತ್ತೊಬ್ಬರು ಬಯೊಟೆಕ್. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಬಯೊಮೆಡಿಕಲ್‌ಗೆ ಅಂತ ಪ್ರತ್ಯೇಕ ಪೇಪರ್ ಬಂದಿದ್ದೇ 2020ರಲ್ಲಿ. ಅಲ್ಲಿಯವರೆಗೆ ಇವರೆಲ್ಲ ಬೇರೆ ಬ್ರಾಂಚಿನ ಪೇಪರ್ ಬರೆದು ಬಂದವರು. ಹೀಗಿರುವಾಗ ಒಬ್ಬೊಬ್ಬರನ್ನೇ ಕರೆದು ಯಾರ ಬಯೊಡೇಟಾ ದಪ್ಪ ಅಂತ ನೋಡಿ ತಗೊಳ್ಳುತ್ತಾ ಹೋದರೆ ಹನ್ನೊಂದು ಜನ ಓಪನರ್‌ಗಳ ಕ್ರಿಕೆಟ್ ಟೀಮ್ ಆಗುತ್ತದೆ. ಆಗಿದೆ ಕೂಡ. ಐದು ಜನ ಸಿಗ್ನಲ್ ಪ್ರೊಸೆಸಿಂಗ್‌ನವರು, ಬಯೊಮೆಕ್ಯಾನಿಕ್ಸ್‌ಗೆ ಒಬ್ಬರೂ ಇಲ್ಲದ ಡಿಪಾರ್ಟ್‌ಮೆಂಟನ್ನು ನಾನೇ ನೋಡಿದ್ದೇನೆ. ಆ ಪೇಪರನ್ನು ಹೊಸದಾಗಿ ಸೇರಿದ ಹುಡುಗಿಯ ತಲೆಗೆ ಕಟ್ಟಿದ್ದರು. ಪಾಪ, ಹಿಂದಿನ ರಾತ್ರಿ ಓದಿಕೊಂಡು ಬೆಳಿಗ್ಗೆ ಹೇಳುತ್ತಿದ್ದಳು.

ಇನ್ನು ಆ ಇಂಟರ್ವ್ಯೂ. ಅಲ್ಲಿ ಕಂಡ ಮೂರು ಜನರ ಬಗ್ಗೆ ಮಾತ್ರ ಹೇಳುತ್ತೇನೆ. ಗುರುತು ಸಿಗದಂತೆ ಸ್ವಲ್ಪ ಬದಲಾಯಿಸಿದ್ದೇನೆ.

ಮೊದಲನೆಯವರು ಎಲೆಕ್ಟ್ರಾನಿಕ್ಸ್ ಹುಡುಗ. ಪಿಎಚ್‌ಡಿ ಆಗಿದೆ. ಪೇಪರ್‌ಗಳ ಪಟ್ಟಿಯೇ ಎರಡು ಪುಟ. ಇಸಿಜಿ ನೋಡಿ ಎದೆಬಡಿತದ ಏರುಪೇರು ಗುರುತಿಸುವ ಡೀಪ್ ಲರ್ನಿಂಗ್ ಅವರ ಕೆಲಸ. ಬಳಸಿದ್ದು ಎಂಐಟಿ-ಬಿಐಎಚ್ ಅನ್ನುವ ಅಮೆರಿಕದ ಡೇಟಾ. ಇದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವಂಥದ್ದು. 47 ಜನರಿಂದ ತೆಗೆದ ಅರ್ಧರ್ಧ ಗಂಟೆಯ 48 ರೆಕಾರ್ಡಿಂಗ್‌ಗಳು, ಸೆಕೆಂಡಿಗೆ 360 ಸ್ಯಾಂಪಲ್, ಅಂದರೆ 360 ಸಲ ಅಳತೆ. 1980ರಿಂದ ಜಗತ್ತೆಲ್ಲ ಅದನ್ನೇ ಅರೆದು ಕುಡಿದಿದೆ. ಹುಡುಗ ಚುರುಕು. ಸ್ಲೈಡ್ ಚೆನ್ನಾಗಿತ್ತು. ಇಂಗ್ಲಿಷ್ ಸಲೀಸು. ಕಮಿಟಿಯವರ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು.

ಇಂಟರ್ವ್ಯೂಗೆ ಹೋದಾಗ ಲ್ಯಾಬ್‌ನಿಂದ ಒಂದು ಇಸಿಜಿ ಮಷಿನ್ ತರಿಸಿ ಮೇಜಿನ ಮೇಲಿಡಿಸಿಕೊಳ್ಳುವುದು ನನ್ನ ಅಭ್ಯಾಸ. ‘ಇದನ್ನ ನನಗೇ ಹಾಕಿ ಸರ್, ನಾನೇ ಪೇಶಂಟ್’ ಅಂದೆ. ನಾಲ್ಕು ಕ್ಲ್ಯಾಂಪ್. ಕೆಂಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ಟೆಕ್ನಿಶಿಯನ್ ಕೂಡ ಕಣ್ಣು ಮುಚ್ಚಿ ಹಾಕುವಂಥದ್ದು. ಹುಡುಗ ಕೆಂಪು, ಹಳದಿ ಎರಡನ್ನೂ ಕೈಯಲ್ಲಿ ಹಿಡಿದು ನಿಂತ. ಆಮೇಲೆ ನಕ್ಕು ‘ಸರ್, ನಿಜ ಹೇಳ್ಬೇಕಂದ್ರೆ ಮಷಿನ್ ಮುಟ್ಟೇ ಇಲ್ಲ’ ಅಂದ. ಆ ನಗು ನನಗೆ ಇಷ್ಟವಾಯಿತು.

ತಪ್ಪು ಹಾಕಿದರೆ ಏನಾಗುತ್ತೆ ಅಂತ ಕೇಳಿದೆ. ಇದು ಎರಡನೇ ವರ್ಷದ ಮಕ್ಕಳಿಗೆ ನಾನು ಮಾಡಿಸುತ್ತಿದ್ದ ಪ್ರಯೋಗ. ಕೆಂಪು, ಹಳದಿ ಅದಲು ಬದಲಾದರೆ ಇಸಿಜಿಯಲ್ಲಿ ‘ಲೀಡ್ ಒಂದು’ ಅನ್ನುವ ಗೆರೆ ತಲೆಕೆಳಗಾಗಿ ಬರುತ್ತದೆ. ಎಡಗೈ ವೋಲ್ಟೇಜಿನಿಂದ ಬಲಗೈಯದ್ದನ್ನು ಕಳೆದರೆ ಬರುವುದೇ ಲೀಡ್ ಒಂದು, ಕೈ ಬದಲಾದರೆ ಚಿಹ್ನೆ ಬದಲಾಗಲೇಬೇಕು. ಹೃದಯ ಬಲಗಡೆ ಇರುವವರಲ್ಲೂ ಲೀಡ್ ಒಂದು ಹೀಗೇ ಬರುತ್ತದೆ. ಹಾಗಾದರೆ ಇದು ಟೆಕ್ನಿಶಿಯನ್ ತಪ್ಪೋ, ಹೃದಯವೇ ಆ ಕಡೆ ಇದೆಯೋ ಅಂತ ಗೊತ್ತಾಗುವುದು ಹೇಗೆ? ಎದೆಯ ಮೇಲಿನ ಲೀಡ್‌ಗಳನ್ನು ನೋಡಬೇಕು. ಅವು ಮಾಮೂಲಿಯಾಗಿದ್ದರೆ ವೈರು ಅದಲು ಬದಲಾಗಿದೆ ಅಂತಲೇ. ಈ ಒಂದು ಪ್ರಶ್ನೆಯಲ್ಲಿ ಅನಾಟಮಿ ಇದೆ, ಸರ್ಕ್ಯೂಟ್ ಇದೆ, ಪೇಶಂಟ್ ಕೂಡ ಇದ್ದಾನೆ. ಹುಡುಗ ಬೋರ್ಡಿನ ಮೇಲೆ ತ್ರಿಕೋನ ಬರೆದುಕೊಂಡು, ಸ್ವಲ್ಪ ಹೊತ್ತು ತಗೊಂಡು, ಮೊದಲರ್ಧ ಸರಿಯಾಗಿ ಹೇಳಿದ. ಬುದ್ಧಿ ಇತ್ತು.

ಆಮೇಲೆ ಇನ್ನೊಂದು. ‘ಲೈನ್‌ನಲ್ಲಿ ಜುಂಯ್ ಅಂತ ನಾಯ್ಸ್ ಬರ್ತಿದೆ, ಏನ್ ಮಾಡ್ತೀರಿ?’ ಥಟ್ಟನೆ ಬಂತು ಉತ್ತರ: ‘60 ಹರ್ಟ್ಝ್ ನಾಚ್ ಫಿಲ್ಟರ್ ಹಾಕ್ತೀನಿ ಸರ್.’ ಅಂದರೆ ಕರೆಂಟಿನಿಂದ ಬರುವ ಆ ಒಂದು ಆವರ್ತನದ ಗದ್ದಲವನ್ನು ಸೋಸಿ ತೆಗೆಯುವುದು.

ಅರವತ್ತು! ದಾವಣಗೆರೆಯಲ್ಲಿ ಬೆಸ್ಕಾಂ ಕೊಡುವುದು 50 ಹರ್ಟ್ಝ್. ಅರವತ್ತು ಅಮೆರಿಕದ್ದು. ಅವನು ವರ್ಷಗಟ್ಟಲೆ ನೋಡಿದ ರೆಕಾರ್ಡಿಂಗ್‌ಗಳಲ್ಲಿ ಆ ದೇಶದ ಕರೆಂಟಿನ ಗದ್ದಲ ಸೇರಿದೆ, ಅದನ್ನೇ ತೆಗೆದು ತೆಗೆದು ಬಾಯಿಗೆ ಬಂದುಬಿಟ್ಟಿದೆ. ಕಮಿಟಿಯಲ್ಲಿ ಇನ್ನೊಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಹುಡುಗನದು ಏನೂ ತಪ್ಪಿಲ್ಲ. ಪೇಪರ್ ಎಣಿಸಿ ಡಿಗ್ರಿ ಕೊಟ್ಟೆವು, ಪೇಪರ್ ಎಣಿಸಿ ಕೆಲಸ ಕೊಡುತ್ತೇವೆ ಅಂದೆವು. ಅವನು ಪೇಪರ್ ಬರೆದ. ಪೇಶಂಟ್ ಇಲ್ಲದೆ, ಮಷಿನ್ ಇಲ್ಲದೆ, ಲ್ಯಾಪ್‌ಟಾಪ್ ಒಂದರಲ್ಲೇ ಬಯೊಮೆಡಿಕಲ್ ಪಿಎಚ್‌ಡಿ ಮುಗಿಸಬಹುದಾದ ವ್ಯವಸ್ಥೆ ಮಾಡಿಟ್ಟವರು ನಾವೇ ಅಲ್ವಾ?

ಎರಡನೆಯವರು ಇವರಿಗೆ ಪೂರ್ತಿ ಉಲ್ಟಾ. ಬಿಇ ಬಯೊಮೆಡಿಕಲ್ ಮಾಡಿ, ಹುಬ್ಬಳ್ಳಿಯಲ್ಲಿದ್ದುಕೊಂಡು ಆಸ್ಪತ್ರೆ ಮಷಿನ್‌ಗಳ ಸರ್ವಿಸ್ ಇಂಜಿನಿಯರ್ ಆಗಿದ್ದವರು. ನಡುವೆ ಎಂಟೆಕ್ ಮುಗಿಸಿದ್ದಾರೆ, ಫಸ್ಟ್ ಕ್ಲಾಸ್. ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ನಿಯಮದ ಪ್ರಕಾರ ಅಷ್ಟು ಸಾಕು. ಪೇಪರ್ ಸೊನ್ನೆ.

ಡೆಮೊ ಕ್ಲಾಸ್‌ಗೆ ಅವರು ಸ್ಲೈಡ್ ತಂದಿರಲಿಲ್ಲ. ಜೇಬಿನಿಂದ ಹೆಬ್ಬೆರಳು ಗಾತ್ರದ ಒಂದು ಸೆನ್ಸರ್ ತೆಗೆದು ಮೇಜಿನ ಮೇಲಿಟ್ಟರು. ವೆಂಟಿಲೇಟರ್‌ನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಸೆಲ್. ‘2021ರಲ್ಲಿ ಎಷ್ಟೋ ಕಡೆ ಹೋದಾಗ ಇದೇ ಕಥೆ ಸರ್. ಹೊಸ ಮಷಿನ್, ಪ್ಯಾಕ್ ಬಿಚ್ಚಿ ಆನ್ ಮಾಡಿದ್ರೆ ಅಲಾರಂ. ಮಷಿನ್ ಕೆಟ್ಟಿದೆ ಅಂತ ಮೂಲೆಗಿಟ್ಟಿರೋರು. ಕೆಟ್ಟಿರ್ತಿದ್ದದ್ದು ಇದೊಂದೇ’ ಅಂದರು. ಆಮೇಲೆ ಅದು ಯಾಕೆ ಕೆಡುತ್ತದೆ ಅಂತ ವಿವರಿಸಿದರು. ಒಳಗೆ ಸೀಸ ಇರುತ್ತದೆ. ಆಕ್ಸಿಜನ್ ಜೊತೆ ಸೇರಿ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ, ಸವೆಯುವಾಗ ಬರುವ ಪುಟ್ಟ ಕರೆಂಟೇ ಅಳತೆ. ಗಾಳಿಯಲ್ಲೂ ಆಕ್ಸಿಜನ್ ಇರುವುದರಿಂದ ಮಷಿನ್ ಬಳಸಲಿ ಬಿಡಲಿ, ಸೆಲ್ ಸವೆಯುತ್ತಲೇ ಇರುತ್ತದೆ. ವರ್ಷ ಒಪ್ಪತ್ತಿನಲ್ಲಿ ಮುಗಿಯುತ್ತದೆ. ಅದರಿಂದ ಹೊರಟು ಕೆಮಿಸ್ಟ್ರಿ, ಸೆನ್ಸರ್, ಕ್ಯಾಲಿಬ್ರೇಶನ್, ಆಸ್ಪತ್ರೆ ಸ್ಟೋರಿನಲ್ಲಿ ತಾರೀಖು ಬರೆದಿಡುವುದರವರೆಗೆ ಹೋದರು. ಕಾಫಿ ತಂದಿಟ್ಟ ಅಟೆಂಡರ್ ಕೂಡ ಬಾಗಿಲಲ್ಲೇ ನಿಂತು ಕೇಳಿದರು.

ಇವರನ್ನು ಹೊತ್ತು ಮೆರೆಸುವ ಮನಸ್ಸಾಗುತ್ತದೆ. ತಡೀರಿ. ಸ್ಯಾಂಪ್ಲಿಂಗ್ ಬಗ್ಗೆ ಕೇಳಿದೆ, ತೊದಲಿದರು. ಫಿಲ್ಟರ್‌ನ ಸಮೀಕರಣ ಬರೆಯಿರಿ ಅಂದೆ, ಆಗಲಿಲ್ಲ. ನಾಲ್ಕನೇ ಸೆಮಿಸ್ಟರ್‌ನ ಸಿಗ್ನಲ್ಸ್ ಪಾಠವನ್ನು ಇವರಿಗೆ ಕೊಡೋಕೆ ಆಗಲ್ಲ. ಮಷಿನ್ ಕೆಲಸ ಬಲ್ಲವರೆಲ್ಲ ಮೇಷ್ಟ್ರಾಗಬಹುದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಂಜಿನಿಯರಿಂಗ್‌ನಲ್ಲಿ ಗಣಿತ ಬಿಟ್ಟರೆ ಉಳಿಯುವುದು ರಿಪೇರಿ ಅಂಗಡಿ.

ನಾನು ಕಮಿಟಿಗೆ ಹೇಳಿದ್ದು ಒಂದೇ ಮಾತು. ಇಬ್ಬರನ್ನೂ ಒಟ್ಟಿಗೆ ತಗೊಳ್ಳಿ. ಒಂದೇ ಲ್ಯಾಬ್‌ಗೆ ಹಾಕಿ. ಆ ಹುಡುಗ ಒಂದು ತಿಂಗಳಲ್ಲಿ ಕ್ಲ್ಯಾಂಪ್ ಹಾಕೋದು ಕಲೀತಾನೆ, ಇವರು ಅವನ ಕ್ಲಾಸ್‌ನಲ್ಲಿ ಹಿಂದಿನ ಬೆಂಚಲ್ಲಿ ಕೂತು ಸಿಗ್ನಲ್ಸ್‌ಗೆ ಬೇಕಾದ ಫೂರಿಯೆ ಗಣಿತ ಕಲೀತಾರೆ. ಒಂಬತ್ತು ಜನರ ಡಿಪಾರ್ಟ್‌ಮೆಂಟ್ ಕಟ್ಟುವುದು ಹೀಗೆ. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇರಬೇಕು, ಮತ್ತೆ ಆ ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಳ್ಳೋಕೆ ನಾಚಬಾರದು.

‘ಮಾರ್ಕ್ಸ್ ಶೀಟ್‌ನಲ್ಲಿ ಸರ್ವಿಸ್ ಇಂಜಿನಿಯರ್ ರಿಸರ್ಚ್ ಕಾಲಂ ಸೊನ್ನೆ ಇದೆಯಲ್ಲ ಸರ್’ ಅಂದರು ಕಮಿಟಿಯವರು. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಒಂದು ಬಾಗಿಲು ತೆಗೆದಿದೆ, ಪಿಎಚ್‌ಡಿ, ಪೇಪರ್ ಇಲ್ಲದ ಅನುಭವಿಗಳಿಗೆ. ಅದಕ್ಕೆ 15 ವರ್ಷದ ಅನುಭವ ಬೇಕು. ಇವರಿಗೆ ಅಷ್ಟು ಆಗಿಲ್ಲ. ಮೂವತ್ತೈದು ದಾಟದ, ಮಷಿನ್ ಕೆಲಸ ಬಲ್ಲ, ಪಾಠ ಮಾಡುವ ಆಸೆಯೂ ಇರುವವರಿಗೆ ಬಾಗಿಲೇ ಇಲ್ಲ ಅಂದಂಗಾಯಿತು.

ಮೂರನೆಯವರು ರಾಣೆಬೆನ್ನೂರು ಕಡೆಯ ಹೆಣ್ಣುಮಗಳು. ಮೆಕ್ಯಾನಿಕಲ್ ಓದಿ, ಮೂಳೆಗೆ ಹಾಕುವ ಸ್ಕ್ರೂ, ಪ್ಲೇಟುಗಳ ಮೇಲೆ ಪಿಎಚ್‌ಡಿ ಮಾಡಿದವರು. ಈಗ ತಮಿಳುನಾಡಿನಲ್ಲಿ ಪಾಠ ಮಾಡುತ್ತಿದ್ದಾರೆ. (ಬಯೊಮೆಡಿಕಲ್ ಕಾಲೇಜುಗಳು ಅಲ್ಲಿ ನಮಗಿಂತ ಎಷ್ಟೋ ಜಾಸ್ತಿ. ನಮ್ಮ ಇಂಟರ್ವ್ಯೂಗಳಿಗೆ ಬರುವ ಅರ್ಜಿಗಳಲ್ಲೂ ಅಲ್ಲಿಯವೇ ಹೆಚ್ಚು.)

ಎಲ್ಲರಿಗೂ ನಾನೊಂದು ಪ್ರಶ್ನೆ ಕೇಳುತ್ತೇನೆ. ಕೈಯಲ್ಲಿ ದುಡ್ಡಿಲ್ಲ, ಎಂಟೆಕ್ ಮಕ್ಕಳಿಲ್ಲ, ಮೂರನೇ ವರ್ಷದ ನಾಲ್ಕು ಜನ ಬಂದು ‘ಮೇಡಂ, ಪ್ರಾಜೆಕ್ಟ್ ಕೊಡಿ’ ಅಂದರೆ ಏನು ಕೊಡುತ್ತೀರಿ? ಸಾಮಾನ್ಯವಾಗಿ ಬರುವ ಉತ್ತರ, ತಮ್ಮ ಥೀಸಿಸ್‌ನ ಒಂದು ಚೂರು. ಇವರು ಸ್ವಲ್ಪ ಯೋಚಿಸಿ ‘ಇಲ್ಲಿನ ಎಪಿಎಂಸಿಗೆ ಕರ್ಕೊಂಡು ಹೋಗ್ತೀನಿ ಸರ್’ ಅಂದರು.

ಮೆಕ್ಕೆಜೋಳದ ಸೀಸನ್‌ನಲ್ಲಿ ಹಮಾಲರು ಲಾರಿಗೆ ಚೀಲ ಹೊರುವುದನ್ನು ಈ ಊರಲ್ಲಿ ನೋಡದವರಿಲ್ಲ. ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತಬಹುದಾದ ಭಾರದ ಮಿತಿ 23 ಕಿಲೊ. ಇಲ್ಲಿ ಚೀಲ 50 ಕಿಲೊ, ಅದೂ ಬೆನ್ನು ಬಗ್ಗಿಸಿ, ಹಲಗೆ ಹತ್ತಿ. ‘ಫೋನ್‌ನಲ್ಲೇ ಆಕ್ಸಿಲರೊಮೀಟರ್ ಇದೆ. ಸೊಂಟದ ಬೆಲ್ಟಿಗೆ ಕಟ್ಟಿದ್ರೆ ಎಷ್ಟು ಬಗ್ಗಿದ್ರು, ಎಷ್ಟು ಸಲ ಅಂತ ಗೊತ್ತಾಗುತ್ತೆ. ಪಕ್ಕದಿಂದ ವಿಡಿಯೊ ತೆಗೆದ್ರೆ ಕೀಲುಗಳ ಕೋನ ಸಿಗುತ್ತೆ. ಬೆನ್ನಿನ ತಳದ ಡಿಸ್ಕ್ ಮೇಲೆ ಎಷ್ಟು ಭಾರ ಬೀಳುತ್ತೆ ಅಂತ ಸ್ಟ್ಯಾಟಿಕ್ಸ್ ಗೊತ್ತಿರೋ ಯಾವ ಹುಡುಗನಾದ್ರೂ ಲೆಕ್ಕ ಹಾಕ್ಬಹುದು. ಆದ್ರೆ ಮೊದಲು ಅವರ ಒಪ್ಪಿಗೆ ತಗೋಬೇಕು, ಕಾಲೇಜಿನ ಎಥಿಕ್ಸ್ ಕಮಿಟಿ ಮುಂದೆ ಹೋಗ್ಬೇಕು. ಅದನ್ನೂ ಮಕ್ಕಳೇ ಬರೀಲಿ.’

ಆ ಕೊನೆಯ ಮಾತು ಕೇಳಿ ನಾನು ಪೆನ್ ಕೆಳಗಿಟ್ಟೆ. ಒಪ್ಪಿಗೆ ಪತ್ರ ಬರೆಯುವುದೂ ಇಂಜಿನಿಯರಿಂಗ್ ಪಾಠವೇ ಅಂತ ತಿಳಿದವರು ಎಷ್ಟು ಜನ ಇದ್ದಾರೆ?

ಆಮೇಲೆ ಅವರೇ ಪ್ರಶ್ನೆ ಕೇಳಿದರು. ಲ್ಯಾಬ್‌ಗೆ ವರ್ಷಕ್ಕೆ ಎಷ್ಟು ಕೊಡ್ತೀರಿ? ವಾರದಲ್ಲಿ ಒಂದು ದಿನ ಕ್ಲಾಸ್ ಇಲ್ಲದ ಹಾಗೆ ಟೈಮ್‌ಟೇಬಲ್ ಆಗುತ್ತಾ? ಆಸ್ಪತ್ರೆ ಜೊತೆ ಬರವಣಿಗೆಯಲ್ಲಿ ಒಪ್ಪಂದ ಇದೆಯಾ, ಬಾಯಿಮಾತಾ? ಮೂರೂ ಒಳ್ಳೆಯ ಪ್ರಶ್ನೆ. ಕಮಿಟಿಯ ಒಬ್ಬ ಹಿರಿಯರು ಉತ್ತರ ಕೊಡುವ ಬದಲು ‘ನಿಮ್ಮ ಮನೆಯವರು ಏನ್ ಮಾಡ್ತಾರಮ್ಮ? ಅವರೂ ಇಲ್ಲಿಗೆ ಬರ್ತಾರಾ?’ ಅಂತ ಕೇಳಿದರು. ಮೊದಲಿನ ಇಬ್ಬರಿಗೆ ಈ ಪ್ರಶ್ನೆ ಬಂದಿರಲಿಲ್ಲ.

ಅವರ ಫೈಲ್ ಈಗಲೂ ಆಫೀಸಿನಲ್ಲಿದೆ. ಬಿಇ, ಎಂಟೆಕ್ ಎರಡೂ ಮೆಕ್ಯಾನಿಕಲ್. ಇದು ಬಯೊಮೆಡಿಕಲ್‌ಗೆ ‘ಸಂಬಂಧಪಟ್ಟ ಬ್ರಾಂಚ್’ ಆಗುತ್ತದೋ ಇಲ್ಲವೋ ಅಂತ ಚರ್ಚೆ. ಇದು ಸುಮ್ನೆ ತೆಗೆದ ತಕರಾರು ಅಂತ ಹೇಳಲಾರೆ. ನಾಳೆ ಇನ್‌ಸ್ಪೆಕ್ಷನ್‌ಗೆ ಬಂದವರು ಒಪ್ಪದಿದ್ದರೆ ಸಂಸ್ಥೆಗೆ ತೊಂದರೆ. ಆದರೆ ಹತ್ತು ದಾರಿಯಿಂದ ಜನ ಬಂದು ಕಟ್ಟಿದ ವಿಷಯಕ್ಕೆ ಒಂದೇ ದಾರಿಯವರು ಬೇಕು ಅಂದರೆ ಎಲ್ಲಿಂದ ತರೋಣ?

ಇದೇ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ಶಿಫಾರಸು ಪತ್ರ ಕೇಳಿದ್ದ. ಅಲ್ಲಿ ಪಿಎಚ್‌ಡಿ ಮುಗಿಸಿ, ಪದವಿ ಮಕ್ಕಳಿಗೇ ಒತ್ತು ಕೊಡುವ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾನೆ. ಅಂಥವು ಅಲ್ಲಿ ಬೇಕಾದಷ್ಟಿವೆ. ಪೆನ್ಸಿಲ್ವೇನಿಯಾದ ಬಕ್ನೆಲ್, ಇಂಡಿಯಾನಾದ ರೋಸ್-ಹಲ್ಮನ್ ತರದವು. ಎರಡರಲ್ಲೂ ಬಯೊಮೆಡಿಕಲ್ ಇದೆ. ನನ್ನಿಂದ ಅವನು ಬಯಸಿದ್ದು ಪೇಪರ್‌ಗಳ ಹೊಗಳಿಕೆ ಅಲ್ಲ. ‘ಸರ್, ನಾನು ಜೂನಿಯರ್ಸ್‌ಗೆ ಲ್ಯಾಬ್‌ನಲ್ಲಿ ಹೇಳಿಕೊಡ್ತಿದ್ದದ್ದು ನಿಮಗೆ ನೆನಪಿದ್ರೆ ಅದನ್ನ ಬರೀರಿ’ ಅಂದ. ಅಲ್ಲಿ ಅರ್ಜಿಯ ಜೊತೆ ತಾನು ಹೇಗೆ ಪಾಠ ಮಾಡುತ್ತೇನೆ ಅಂತ ಎರಡು ಪುಟ ಬರೆಯಬೇಕಂತೆ. ಪದವಿ ಮಕ್ಕಳನ್ನು ಕಟ್ಟಿಕೊಂಡು ಏನು ಸಂಶೋಧನೆ ಮಾಡಬಹುದು ಅಂತ ಇನ್ನೊಂದೆರಡು ಪುಟ. ಕರೆ ಬಂದರೆ ಇಡೀ ದಿನ, ಕೆಲವು ಕಡೆ ಎರಡು ದಿನ, ಅಲ್ಲೇ ಇರಬೇಕು. ನಿಜವಾದ ಮಕ್ಕಳಿಗೆ ನಿಜವಾದ ಕ್ಲಾಸ್ ತಗೋಬೇಕು. ಮಕ್ಕಳ ಜೊತೆ ಊಟ. ಆಮೇಲೆ ಮಕ್ಕಳ ಅಭಿಪ್ರಾಯವನ್ನೂ ಕೇಳುತ್ತಾರೆ.

ಅವರ ಹತ್ತಿರ ದುಡ್ಡಿದೆ, ನಿಜ. ಆ ದೇಶದಲ್ಲಿ ಈ ವಿಷಯ ಬೆಳೆದದ್ದೇ ವಿಟೇಕರ್ ಫೌಂಡೇಶನ್ ಅನ್ನುವ ಒಂದು ದತ್ತಿಯಿಂದ. 1976ರಿಂದ 2006ರವರೆಗೆ 70 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು, ಕೆಲಸ ಮುಗಿಯಿತು ಅಂತ ಬಾಗಿಲು ಹಾಕಿಕೊಂಡಿತು. ನಮಗೆ ಅಂಥ ಯಜಮಾನ ಸಿಗಲ್ಲ. ಆದರೆ ಅಭ್ಯರ್ಥಿಯನ್ನು ಮಕ್ಕಳ ಎದುರು ನಿಲ್ಲಿಸೋಕೆ ಎಷ್ಟು ಖರ್ಚಾಗುತ್ತೆ ಹೇಳಿ? ಒಂದು ಡಬ್ಬಿ ಸೀಮೆಸುಣ್ಣ. ನಮ್ಮ ಡೆಮೊ ಕ್ಲಾಸ್‌ಗಳಲ್ಲಿ ಎದುರಿಗೆ ಕೂತಿರುವವರು ಪ್ರಿನ್ಸಿಪಾಲ್, ಮ್ಯಾನೇಜ್‌ಮೆಂಟಿನವರು, ನನ್ನಂಥ ಮುದುಕರು. ನಮಗೆ ಅರ್ಥವಾದರೆ ಏನು ಬಂತು?

ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ಸಿಇಟಿ ಬರೆದು ಬರುವ ಮಕ್ಕಳಲ್ಲಿ ಹತ್ತನೇ ಕ್ಲಾಸ್‌ವರೆಗೆ ಕನ್ನಡದಲ್ಲೇ ಓದಿದವರು ಬಹಳ. ಅವರಿಗೆ ‘ಇಂಪೀಡೆನ್ಸ್’ ಅಂದಾಗ ಮುಖ ಹೇಗಾಗುತ್ತದೆ ಅಂತ ಗಮನಿಸುವವರು ಬೇಕು. ತಮಿಳುನಾಡಿನಿಂದ ಬಂದವರು ಕೂಡ ಗಮನಿಸಬಹುದು. ಭಾಷೆ ನಿಧಾನಕ್ಕೆ ಬರುತ್ತದೆ, ಗಮನ ಮಾತ್ರ ಮೊದಲ ದಿನವೇ ಇರಬೇಕು. ಅದು ಬಯೊಡೇಟಾದಲ್ಲಿ ಕಾಣಲ್ಲ. ಎದುರಿಗೆ ಮಕ್ಕಳು ಕೂತಾಗ ಹತ್ತು ನಿಮಿಷದಲ್ಲಿ ಕಾಣುತ್ತದೆ.

‘ದಾವಣಗೆರೆಗೆ ಯಾರು ಬರ್ತಾರೆ ಸರ್?’ ಇದು ಎಲ್ಲ ಕಮಿಟಿಗಳ ಕೊನೆಯ ಮಾತು. ಬೆಂಗಳೂರಿನಲ್ಲಿ ಜಿಇ, ಫಿಲಿಪ್ಸ್, ಸೀಮೆನ್ಸ್ ಇವೆ. ಅದೇ ಎಂಟೆಕ್ ಮಕ್ಕಳು ಅಲ್ಲಿಗೂ ಬೇಕು. ಏಳನೇ ವೇತನ ಆಯೋಗದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ 57,700 ರೂಪಾಯಿಯಿಂದ ಶುರು. ಖಾಸಗಿ ಕಾಲೇಜುಗಳಲ್ಲಿ ಕೈಗೆ ಎಷ್ಟು ಬರುತ್ತದೆ ಅನ್ನುವುದು ಬೇರೆ ಕಥೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. 2023ರಿಂದ ವಂದೇ ಭಾರತ್ ರೈಲು ನಮ್ಮೂರಲ್ಲಿ ನಿಲ್ಲುತ್ತದೆ. ಬೆಂಗಳೂರಿನಿಂದ ಮೇಷ್ಟ್ರನ್ನು ಕರೆತರಲು ಅನುಕೂಲ ಅಂದರು ಒಬ್ಬರು. ವಾಪಸ್ ಹೋಗೋಕೂ ಅದೇ ರೈಲು ತಾನೇ? ಬೆಣ್ಣೆ ದೋಸೆ ತೋರಿಸಿ ಯಾರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ.

ಉಳಿಸಿಕೊಳ್ಳಲು ನಮ್ಮಲ್ಲಿ ನಿಜವಾಗಿ ಇರುವುದು ಆಸ್ಪತ್ರೆಗಳು. 1951ರಲ್ಲೇ ಇಂಜಿನಿಯರಿಂಗ್ ಕಾಲೇಜು, 1965ರಲ್ಲೇ ಜೆಜೆಎಂ ಮೆಡಿಕಲ್ ಕಾಲೇಜು ಕಂಡ ಊರು ಇದು. ಈಗ ಮೆಡಿಕಲ್ ಕಾಲೇಜುಗಳು ಎರಡು. ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆ ಇದೆ, ಡೆಂಟಲ್ ಕಾಲೇಜುಗಳಿವೆ. ಸುತ್ತ ಹತ್ತಾರು ತಾಲ್ಲೂಕಿನ ಪೇಶಂಟ್‌ಗಳು ಬರುವುದು ಇಲ್ಲಿಗೇ. ಬೆಂಗಳೂರಿನಲ್ಲಿ ಬಯೊಮೆಡಿಕಲ್ ಮೇಷ್ಟ್ರು ಮಕ್ಕಳನ್ನು ಒಂದು ಐಸಿಯುಗೆ ಕರೆದೊಯ್ಯಬೇಕಾದರೆ ಅರ್ಧ ದಿನ ಟ್ರಾಫಿಕ್‌ನಲ್ಲಿ ಕಳೆಯುತ್ತಾರೆ. ಇಲ್ಲಿ ಸ್ಕೂಟರ್ ತೆಗೆದರೆ ಹತ್ತು, ಹದಿನೈದು ನಿಮಿಷ. ಬಳಕೆಗೆ ಬಾರದು ಅಂತ ತೆಗೆದಿಟ್ಟ ಸಿರಿಂಜ್ ಪಂಪು, ಮಾನಿಟರು ಕೇಳಿ ತಂದು ಬಿಚ್ಚಬಹುದು. ಅನಾಟಮಿ ಪಾಠಕ್ಕೆ ಡಾಕ್ಟರ್ ಬರುತ್ತಾರೆ, ಫೋನ್ ಬಂದರೆ ಅರ್ಧಕ್ಕೇ ಓಡುತ್ತಾರೆ. ಅದೂ ಒಂದು ಪಾಠವೇ ಬಿಡಿ. ಇದನ್ನೆಲ್ಲ ಜಾಹೀರಾತಿನಲ್ಲಿ ಬರೆದವರನ್ನು ನಾನು ನೋಡಿಲ್ಲ. ‘ಹಸಿರು ಕ್ಯಾಂಪಸ್, ವೈಫೈ’ ಅಂತ ಬರೆಯುತ್ತಾರೆ.

ಸೇರಿದವರಿಗೆ ಮೊದಲ ಸೆಮಿಸ್ಟರ್ ಕ್ಲಾಸ್ ಕಮ್ಮಿ ಕೊಟ್ಟು ವಾರಕ್ಕೊಂದು ದಿನ ಆಸ್ಪತ್ರೆಗೆ ಕಳಿಸಿ, ಚಳ್ಳಕೆರೆ ಹತ್ತಿರದ ಕುದಾಪುರಕ್ಕೂ ಕಳಿಸಿ ಅಂತಲೂ ಹೇಳಿದ್ದೇನೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಅಲ್ಲಿದೆ, ಮೇಷ್ಟ್ರುಗಳಿಗೆ ಪ್ರಯೋಗ ಮಾಡಿಸಿ ತರಬೇತಿ ಕೊಡುವ ಕೇಂದ್ರವೂ ಇದೆ. ಪಕ್ಕದ ಜಿಲ್ಲೆಯಲ್ಲೇ ಇದ್ದರೂ ನಮ್ಮ ಕಾಲೇಜುಗಳಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ.

ಆ ಇಂಟರ್ವ್ಯೂ ಏನಾಯಿತು ಅಂತ ಕೇಳುತ್ತೀರಿ. ಮೊದಲನೆಯವನಿಗೆ ಆರ್ಡರ್ ಹೋಯಿತು. ಅವನು ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿದ. ನನಗೆ ಫೋನ್ ಮಾಡಿ ‘ಸರ್, ಈಗ ಕ್ಲ್ಯಾಂಪ್ ಹಾಕೋದು ಬರುತ್ತೆ’ ಅಂದ. ಸರ್ವಿಸ್ ಇಂಜಿನಿಯರ್ ಹುಬ್ಬಳ್ಳಿಯಲ್ಲೇ ಇದ್ದಾರೆ. ಮೇಡಂ ಫೈಲ್ ಕಥೆ ಹೇಳಿದೆನಲ್ಲ. ಹುದ್ದೆಗಳು ಖಾಲಿ ಉಳಿದದ್ದರಿಂದ ಮತ್ತೆ ಜಾಹೀರಾತು ಕೊಡುತ್ತಾರಂತೆ. ಈ ಸಲ ಅದರ ಕರಡನ್ನು ನನಗೆ ತೋರಿಸಿದರು. ಮೇಲೆ ಎರಡು ಸಾಲು ಸೇರಿಸಿ ಕೊಟ್ಟೆ. ‘ಬಿಇ ಮಕ್ಕಳಿಗೆ ಪಾಠ ಮಾಡುವುದು, ಲ್ಯಾಬ್‌ನಲ್ಲಿ ಅವರ ಜೊತೆ ನಿಲ್ಲುವುದು ಈ ಹುದ್ದೆಯ ಮುಖ್ಯ ಕೆಲಸ. ಬಿಇ ಮಕ್ಕಳ ಜೊತೆ ಮಾಡಬಹುದಾದ ಒಂದು ಸಂಶೋಧನೆಯ ಬಗ್ಗೆ ಒಂದು ಪುಟ ಬರೆದು ಕಳಿಸಿ.’ ಮೊದಲ ಸಾಲನ್ನು ಇಟ್ಟುಕೊಂಡಿದ್ದಾರೆ. ಎರಡನೆಯದನ್ನು ಮ್ಯಾನೇಜ್‌ಮೆಂಟ್ ಕೇಳಿ ಹೇಳ್ತೀವಿ ಅಂದಿದ್ದಾರೆ.

ಡೆಮೊ ಕ್ಲಾಸ್‌ಗೆ ಎರಡನೇ ವರ್ಷದ ಹತ್ತು ಮಕ್ಕಳನ್ನು ಕೂರಿಸಿ, ಇಲ್ಲದಿದ್ದರೆ ನಾನು ಬರಲ್ಲ ಅಂತಲೂ ಹೇಳಿದ್ದೆ. ಮೊನ್ನೆ ಪ್ರಿನ್ಸಿಪಾಲರು ಫೋನ್ ಮಾಡಿದ್ದರು. ಆ ತಾರೀಖಿಗೆ ಮಕ್ಕಳಿಗೆ ಸೆಮಿಸ್ಟರ್ ಪರೀಕ್ಷೆ ಇದೆಯಂತೆ. ಪರೀಕ್ಷೆ ಮುಗಿದ ಮೇಲೆ ರಜಾ. ರಜಾ ಕಳೆದ ಮೇಲೆ ಇಂಟರ್ವ್ಯೂ ಇಡೋಣವಾ ಅಂತ ಕೇಳಿದರು. ಇಡಿ ಸರ್ ಅಂದೆ.